ಎಳನೀರಿನ ಕಿಬ್ವಾನ ನಿಲುವಂಗಿ ತೊಟ್ಟ ಕಾಲ

ಪಂಗಾನಿ ಊರಿನ ಫೆರಿ ಕಡವಿನಲ್ಲಿ ಎಳನೀರು ಮಾರುವ ಕಿಬ್ವಾನನ ಬಾಯಿ ಅವನ ಕತ್ತಿಗಿಂತ ಹರಿತ. ಆಚೆ ದಡದಿಂದ ಫೆರಿ ಬರುವುದು ತಡವಾದಷ್ಟೂ ಅವನಿಗೆ ಹಬ್ಬ. ಬಿಸಿಲಲ್ಲಿ ಬೆವರುತ್ತ ಕುಳಿತ ಲಾರಿ ಡ್ರೈವರುಗಳು, ಕೋಳಿ ಹಿಡಿದುಕೊಂಡ ಹೆಂಗಸರು, ಮೀನು ಬುಟ್ಟಿಯವರು, ಎಲ್ಲರ ಮುಂದೆ ಸೈಕಲ್ಲಿನ ತುಂಬ ಎಳನೀರು ತೂಗುಹಾಕಿಕೊಂಡು ನಿಂತು ಅವನು ಭಾಷಣ ಶುರು ಮಾಡುತ್ತಿದ್ದ. ಭಾಷಣ ಬೇಕೇ ಬೇಕಿತ್ತು. ನಮ್ಮ ಕರಾವಳಿಯ ಗಂಡಸರಿಗೆ ಎಳನೀರೆಂದರೆ ಪ್ರಾಣ, ಎಳನೀರೆಂದರೆ ಭಯ. ಜಾಸ್ತಿ ಕುಡಿದರೆ ಬುಶಾ ಬರುತ್ತದೆ ಎಂದು ಅಜ್ಜಂದಿರ ಕಾಲದಿಂದ ನಂಬಿಕೆ. ಬುಶಾ ಎಂದರೆ ಬೀಜದ ಚೀಲದಲ್ಲಿ ನೀರು ತುಂಬಿಕೊಂಡು, ಮೊದಲು ಮಾವಿನಕಾಯಿಯಷ್ಟು, ಆಮೇಲೆ ಪಪ್ಪಾಯಿಯಷ್ಟು, ಹಾಗೇ ಬಿಟ್ಟರೆ ಕುಂಬಳಕಾಯಿಯಷ್ಟು ಊದಿಕೊಳ್ಳುವ ಕಾಯಿಲೆ. ನೀರು ತುಂಬಿ ನೇತಾಡುವ ಕಾಯಿ ಕುಡಿದವನಿಗೆ ನೀರು ತುಂಬಿದ ಕಾಯಿಯೇ ನೇತಾಡುತ್ತದೆ ಎಂಬುದು ನಮ್ಮ ಹಿರಿಯರ ವೈದ್ಯಶಾಸ್ತ್ರ. ಅದರಲ್ಲಿ ತಪ್ಪು ಹುಡುಕಲು ನಮಗೆ ಯಾರಿಗೂ ಪುರುಸೊತ್ತಾಗಲಿಲ್ಲ.

ಈ ಶಾಸ್ತ್ರವನ್ನು ಮುರಿಯಲು ಕಿಬ್ವಾನನ ಬಳಿ ಇದ್ದದ್ದು ಒಂದೇ ಪುರಾವೆ, ಅವನ ಸ್ವಂತ ಮೈ.

"ನೋಡ್ರಪ್ಪಾ, ಕಣ್ಣಿದ್ದೋರು ನೋಡಿ! ಹಲ್ಲು ಬಂದಾಗಿನಿಂದ ದಿನಾ ಎಳನೀರು ಕುಡೀತಿದೀನಿ. ನಂಗೆ ಬಂದಿದ್ಯಾ?" ಎನ್ನುತ್ತ ಲುಂಗಿಯನ್ನು ಹಿಂದಿನಿಂದ ಎಳೆದು ಮುಂದುಗಡೆ ಬಿಗಿ ಮಾಡಿ ಎಡಕ್ಕೂ ಬಲಕ್ಕೂ ತಿರುಗಿ ತೋರಿಸುತ್ತಿದ್ದ. ಹೆಂಗಸರು ಮೈಗೆ ಸುತ್ತಿಕೊಂಡ ಕಾಂಗಾ ಬಟ್ಟೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ಮುಖ ತಿರುಗಿಸುತ್ತಿದ್ದರು, ಆದರೆ ನೋಡಿದ ಮೇಲೆ. ಗಂಡಸರು ನಕ್ಕು ಎಳನೀರು ಕುಡಿಯುತ್ತಿದ್ದರು. ನಾಚಿಕೆಗೆಟ್ಟ ಜಾಹೀರಾತು ನಿಜ, ಆದರೆ ಸುಳ್ಳಿನದಲ್ಲ.

ಇದನ್ನು ಸಹಿಸದವನು ಎದುರಿನ ಬೇವಿನ ಮರದ ಕೆಳಗಿನ ಕಾಫಿಯ ಶೊಮಾರಿ. ಮಿಕ್ಕ ಕಾಫಿ ಮಾರುವವರು ಹಿತ್ತಾಳೆ ಹೂಜಿ ಹಿಡಿದು, ಪಿಂಗಾಣಿ ಬಟ್ಟಲುಗಳನ್ನು ಒಂದಕ್ಕೊಂದು ಟಿಣಿಟಿಣಿ ತಾಗಿಸುತ್ತ ಊರು ಸುತ್ತುತ್ತಾರೆ. ಶೊಮಾರಿಯೂ ಮುಂಚೆ ಸುತ್ತುತ್ತಿದ್ದವನೇ. ಆಮೇಲೇಕೋ ಮರದ ಕೆಳಗೆ ಬೇರುಬಿಟ್ಟ. ಹೂಜಿಯನ್ನೂ ಕೆಂಡದ ಒಲೆಯನ್ನೂ ಮುಂದಿಟ್ಟುಕೊಂಡು ಕುಳಿತನೆಂದರೆ ಏಳುವ ಮಾತೇ ಇಲ್ಲ. ಗಿರಾಕಿಯೇ ಬಗ್ಗಿ ಬಟ್ಟಲು ತೆಗೆದುಕೊಳ್ಳಬೇಕು, ಬಗ್ಗಿಯೇ ಇಡಬೇಕು. "ಮಹಾರಾಜರು" ಎಂದು ಜನ ರೇಗಿಸುತ್ತಿದ್ದರು.

ಮಹಾರಾಜರು ಕೂತಲ್ಲಿಂದಲೇ ಬಾಣ ಬಿಡುತ್ತಿದ್ದರು: "ಕುಡೀರಿ ಕುಡೀರಿ! ಈಗ ಕೈಯಲ್ಲಿ ಹಿಡ್ಕೊಂಡು ಕುಡೀರಿ, ಆಮೇಲೆ ಕೈಗಾಡೀಲಿ ಇಟ್ಕೊಂಡು ತಳ್ಳೀರಂತೆ."

"ನಿನ್ನ ಕರೀ ನೀರು ಕುಡಿದು ನಿದ್ದೆಗೆಟ್ಟು ಸಾಯೋದಕ್ಕಿಂತ ಅದೇ ವಾಸಿ ಕಣೋ."

"ಬರುತ್ತೆ ಬರುತ್ತೆ. ನಿಂಗೂ ಬರುತ್ತೆ. ಅವತ್ತು ಎಳೆದು ತೋರಿಸು ಲುಂಗಿ, ನಾನೇ ಊರಿಗೆಲ್ಲ ಬಿಟ್ಟಿ ಕಾಫಿ ಕೊಡ್ತೀನಿ."

ಬಂತು. ಯಾವ ಪಾಪ ಮಾಡಿದ್ದನೋ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಿಬ್ವಾನನ ಬಲಗಡೆ ಸಣ್ಣಗೆ ಭಾರವಾಯಿತು. ಸೈಕಲ್ಲು ತುಳಿದದ್ದಕ್ಕೆ ಇರಬೇಕು ಅಂದುಕೊಂಡ. ಮುಂದಿನ ಮಳೆಗಾಲದ ಹೊತ್ತಿಗೆ ಸೈಕಲ್ಲಿನ ಸೀಟಿನ ಮೇಲೆ ಕೂರುವುದೇ ಒಂದು ವಿದ್ಯೆಯಾಯಿತು. ನೋವಿರಲಿಲ್ಲ, ಭಾರ ಅಷ್ಟೇ, ಮತ್ತು ಭಾರಕ್ಕಿಂತ ಹೆಚ್ಚಿನ ಹೆದರಿಕೆ. ಕಡವಿನಲ್ಲಿ ಒಬ್ಬನೇ ಒಬ್ಬನ ಕಣ್ಣಿಗೆ ಬಿದ್ದರೂ ಮುಗಿಯಿತು. ವ್ಯಾಪಾರ ಹೋಗುತ್ತದೆ, ಅದು ಹೋದರೆ ಹೋಗಲಿ, ಬಾಯಿ ಹೋಗುತ್ತದೆ. ಇಷ್ಟು ವರ್ಷ ಊರ ಮುಂದೆ ಎತ್ತಿದ ದನಿಯನ್ನು ಇನ್ನು ನುಂಗಿಕೊಂಡು ಬದುಕಬೇಕು. ಕಿಬ್ವಾನನಂಥವನಿಗೆ ಅದು ಸಾವಿಗಿಂತ ಏನೂ ಕಡಿಮೆಯಲ್ಲ.

ಅವನು ಲುಂಗಿ ಬಿಟ್ಟು ಕಾಂಜು ತೊಡತೊಡಗಿದ. ಕಾಂಜು ಅಂದರೆ ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಇಳಿಬಿಡುವ ಬಿಳಿ ನಿಲುವಂಗಿ, ಶುಕ್ರವಾರ ಮಸೀದಿಗೆ ಹೋಗುವಾಗ ತೊಡುವಂಥದ್ದು. ಅದರೊಳಗೆ ಒಂದು ಆಡಿನ ಮರಿ ಬಚ್ಚಿಟ್ಟರೂ ಗೊತ್ತಾಗುವುದಿಲ್ಲ. ವಾರದ ಏಳು ದಿನವೂ ಕಾಂಜು ತೊಟ್ಟು, ಭಾರಕ್ಕೆ ಕಾಲು ಅಗಲಿಸಿ ನಿಧಾನವಾಗಿ ಹೆಜ್ಜೆ ಹಾಕುವ, ಭಾಷಣ ನಿಲ್ಲಿಸಿ ಮೌನವಾದ ಕಿಬ್ವಾನನನ್ನು ಕಂಡು ಊರು ಬೆರಗಾಯಿತು. ಕಿಬ್ವಾನನಿಗೆ ದೈವಭಕ್ತಿ ಬಂದಿದೆ ಎಂದು ಸುದ್ದಿಯಾಯಿತು. ಮಸೀದಿಯಲ್ಲಿ ಹಿರಿಯರು ಎದ್ದು ಮುಂದಿನ ಸಾಲಿನಲ್ಲಿ ಜಾಗ ಬಿಡತೊಡಗಿದರು. ಬಾಗುವಾಗ ಏಳುವಾಗ ಅವನು ಪಡುತ್ತಿದ್ದ ಪಾಡನ್ನು ನೋಡಿ, ಎಷ್ಟು ತಲ್ಲೀನನಾಗಿ ಪ್ರಾರ್ಥಿಸುತ್ತಾನೆ ನೋಡಿ ಎಂದು ಮಕ್ಕಳಿಗೆ ತೋರಿಸಿದರು. ಹಜ್ಜಿಗೆ ಯಾವಾಗ ಹೊರಡುತ್ತೀ ಎಂದು ಕೇಳಿದವರೂ ಇದ್ದರು.

ಮಾರುಕಟ್ಟೆಯ ಹಿಂದೆ ಕದ್ದು ಸೂಜಿ ಚುಚ್ಚುವ ಮಹಾಶಯನೊಬ್ಬನಿದ್ದ. ಕಿಬ್ವಾನ ಅವನ ಹತ್ತಿರವೂ ಹೋದ. ಅವನು ದಪ್ಪ ಸೂಜಿ ಹಾಕಿ ನೀರನ್ನು ಎಳೆದು ಡಬ್ಬಿಗೆ ಸುರಿದ. ಕಿಬ್ವಾನ ಗಾಳಿಯಲ್ಲಿ ತೇಲುವವನ ಹಾಗೆ ಮನೆಗೆ ಬಂದ. ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಎಲ್ಲ ಮತ್ತೆ ತುಂಬಿಕೊಂಡಿತ್ತು, ಜೊತೆಗೆ ಚುಚ್ಚಿದ ಜಾಗದಲ್ಲಿ ಉರಿ. ಆವತ್ತಿನಿಂದ ಅವನು ಇನ್ನೊಂದು ಕೆಲಸ ಮಾಡಿದ. ಬೆಳಗಿನ ಮೊದಲ ಎಳನೀರನ್ನು ಕಡವಿನವರ ಎದುರು ತಾನೇ ಕೆತ್ತಿ ಕುಡಿಯುವುದು ಅವನ ಹಳೆಯ ಪದ್ಧತಿ. ಈಗ ಅದನ್ನು ತುಟಿಗೆ ತಾಗಿಸಿ, ಗಂಟಲು ಕುಣಿಸಿ, ಯಾರೂ ನೋಡದಾಗ ಮರಳಿಗೆ ಸುರಿದುಬಿಡುತ್ತಿದ್ದ. ಊರಿಗೆಲ್ಲ ಧೈರ್ಯ ಹೇಳಿದವನು ತಾನೇ ನಂಬಿಕೆ ಕಳೆದುಕೊಂಡಿದ್ದ. ಶೊಮಾರಿ ಹೇಳಿದ್ದೇ ಸರಿಯಿದ್ದರೆ? ತನ್ನ ಮಾತು ಕೇಳಿ ಕುಡಿದವರಿಗೆಲ್ಲ ತಾನೇ ವಿಷ ಹಾಕಿದಂತಾಯಿತಲ್ಲ? ಈ ಯೋಚನೆ ಬಂದಾಗ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಅವನ ಹೆಂಡತಿ ಸಿವೇಮ ಇಷ್ಟು ದಿನ ನೋಡಿಯೂ ನೋಡದವಳಂತಿದ್ದಳು. ಒಂದು ಮಧ್ಯಾಹ್ನ ಕೊಬ್ಬರಿ ತುರಿಯುವ ಮಣೆಯ ಮೇಲಿಂದಲೇ ಶುರುಮಾಡಿದಳು.

"ಏನಪ್ಪಾ ಹಾಜಿ ಸಾಹೇಬ್ರೇ, ಮಲಗೋವಾಗ್ಲೂ ಕಾಂಜು ಬಿಚ್ಚಲ್ವಲ್ಲ, ಸ್ವರ್ಗಕ್ಕೆ ಹಾಗೇ ಹೊರಡೋ ಯೋಚನೇನಾ?"

"ಚಳಿ ಕಣೇ."

"ಪಂಗಾನೀಲಿ ಚಳಿ! ನಿಂಗೂ ನಂಗೂ ನಡುವೆ ಮೂರನೇವ್ನು ಒಬ್ಬ ಮಲಗ್ತಿದ್ದಾನೆ, ಅವನ ಹೆಸರು ಹೇಳೋಕೆ ನಿಂಗೆ ನಾಚಿಕೆ. ನಂಗಿಲ್ಲ. ಬುಶಾ! ಕೇಳಿಸ್ತಾ? ದೊಡ್ಡಾಸ್ಪತ್ರೆಗೆ ಡಾಕ್ಟರುಗಳು ಬಂದಿದ್ದಾರಂತೆ, ಅದನ್ನೇ ಕೊಯ್ಯೋಕೆ. ಮೈಕಲ್ಲಿ ಕೂಗ್ಕೊಂಡು ಹೋದ್ರು."

"ಕೊಯ್ದ್ರೆ ಗಂಡಸ್ತನಾನೂ ಹೋಗುತ್ತಂತಲ್ಲೇ."

"ಅದು ಈಗೆಲ್ಲಿದೆ? ಹುಡುಕಿ ತೋರಿಸು ನೋಡೋಣ, ಆಮೇಲೆ ಹೋಗುತ್ತೋ ಇರುತ್ತೋ ಯೋಚ್ನೆ ಮಾಡೋಣ."

ಕಿಬ್ವಾನ ಹೊರಡಲೇಬೇಕಾಯಿತು. ದೂರದ ಚಿಕ್ಕಪ್ಪನೊಬ್ಬನನ್ನು ಬಾಯಲ್ಲೇ ಸಾಯಿಸಿ, ಸಾವಿನ ಮನೆಗೆ ಹೋಗುತ್ತೇನೆಂದು ಊರಿಗೆ ಹೇಳಿ ಬಸ್ಸು ಹತ್ತಿದ. ಶೊಮಾರಿಯ ಮರದ ಕೆಳಗೆ ಆವತ್ತು ಒಲೆ ಹೊತ್ತಿರಲಿಲ್ಲ. ಕಾಫಿ ಬೀಜ ತರಲು ಬೆಟ್ಟದ ಕಡೆ ಹೋಗಿದ್ದಾನೆ ಎಂದರು. ನೋಡಲು ಅವನಿಲ್ಲದ್ದು ಎಷ್ಟೋ ಪುಣ್ಯ ಎಂದುಕೊಂಡ ಕಿಬ್ವಾನ.

ಆಸ್ಪತ್ರೆಯ ಜಗಲಿಯಲ್ಲಿ ಉದ್ದಕ್ಕೂ ಕಾಂಜು ತೊಟ್ಟ ಗಂಡಸರು ಬೆಂಚಿನ ತುದಿಯಲ್ಲಿ ಒಂದೊಂದು ಕಡೆಗೆ ವಾಲಿಕೊಂಡು ಕುಳಿತಿದ್ದರು. ಕರಾವಳಿಯಲ್ಲಿ ಇಷ್ಟೊಂದು ದೈವಭಕ್ತರು ಹೇಗೆ ಹುಟ್ಟಿಕೊಂಡರು ಎಂಬುದು ಕಿಬ್ವಾನನಿಗೆ ಅಲ್ಲಿ ಅರ್ಥವಾಯಿತು. ಒಳಗೆ ಕರೆದರು. ಮೇಜಿನ ಹಿಂದೆ ಕುಳಿತಿದ್ದವಳು ಕುಳ್ಳಗಿನ ಹೆಂಗಸು, ಡಾಕ್ಟರ್ ಕೊಕುಗೊಂಜ. ದೂರದ ಒಳನಾಡಿನ ದೊಡ್ಡ ಸರೋವರದ ಕಡೆಯವಳು ಎಂದು ಹೆಸರೇ ಹೇಳುತ್ತಿತ್ತು.

"ಗಂಡಸು ಡಾಕ್ಟ್ರು ಇಲ್ವಾಮ್ಮ?" ಎಂದ ಕಿಬ್ವಾನ, ಗೋಡೆಗೆ.

"ಇದಾರೆ. ಹೆರಿಗೆ ವಾರ್ಡಲ್ಲಿದಾರೆ. ಕಳಿಸ್ಲಾ ನಿಮ್ಮನ್ನ ಅಲ್ಲಿಗೆ?"

ಕಿಬ್ವಾನ ಮಂಚದ ಮೇಲೆ ಮಲಗಿದ. ಅವಳು ಕಿಟಕಿ ಮುಚ್ಚಿ ಕೋಣೆ ಕತ್ತಲು ಮಾಡಿ, ಸಣ್ಣ ಟಾರ್ಚನ್ನು ಊತದ ಹಿಂಭಾಗಕ್ಕೆ ಒತ್ತಿ ಹಿಡಿದಳು. ಕಿಬ್ವಾನ ಕತ್ತೆತ್ತಿ ನೋಡಿದ. ಇಷ್ಟು ದಿನ ಬಚ್ಚಿಟ್ಟ ಅವನ ಅವಮಾನ ಒಳಗಿನಿಂದ ಕೆಂಪಗೆ, ಮಾಗಿದ ಪಪ್ಪಾಯಿಯ ಹಾಗೆ ಬೆಳಗುತ್ತಿತ್ತು.

"ಬೆಳಕು ದಾಟ್ತಿದೆ ನೋಡಿ. ಅಂದ್ರೆ ಇದು ನೀರು. ಕರುಳು ಇಳಿದಿದ್ರೆ ಹೀಗೆ ಬೆಳಗೋದಿಲ್ಲ. ಅದು ಬೇರೆ ಕಾಯಿಲೆ, ಅದಕ್ಕೆ ಬೇರೆ ಆಪರೇಷನ್ನು. ಹೊಟ್ಟೆಯ ಗೋಡೆ ತೆಳ್ಳಗಾದ ಕಡೆ ಒಂದು ಬಲೆ ಇಟ್ಟು ಹೊಲೀತೀವಿ. ದೊಡ್ಡ ಊರುಗಳಲ್ಲಿ ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟೂ ಮಾಡ್ತಾರೆ. ನಿಮಗೆ ಅದೆಲ್ಲ ಬೇಡ."

ಕಿಬ್ವಾನನಿಗೆ ಕೇಳಬೇಕಾಗಿದ್ದದ್ದು ಒಂದೇ ಪ್ರಶ್ನೆ. "ಡಾಕ್ಟ್ರಮ್ಮ, ಆ ನೀರು... ಎಳನೀರಾ?"

ಅವಳು ಕಿಟಕಿ ತೆರೆದಳು. ನಗಲಿಲ್ಲ, ಇದನ್ನೇ ಬೆಳಗಿನಿಂದ ಕೇಳಿಸಿಕೊಂಡು ಸುಸ್ತಾದವಳ ಹಾಗಿದ್ದಳು. "ಎಳನೀರು ಹೊಟ್ಟೆಗೆ ಹೋಗುತ್ತೆ, ಉಚ್ಚೆಯಾಗಿ ಹೊರಗೆ ಬರುತ್ತೆ. ಬೀಜಕ್ಕೂ ಅದಕ್ಕೂ ದಾರೀನೇ ಇಲ್ಲ. ಇದು ಸೊಳ್ಳೆ ತಂದದ್ದು. ವರ್ಷಗಟ್ಲೆ ಕಚ್ಚಿಸ್ಕೊಂಡ್ರೆ ದಾರದಂಥ ಹುಳ ಮೈಯೊಳಗೆ ಸೇರ್ಕೊಂಡು, ನೀರು ಹರಿಯೋ ಸಣ್ಣ ಕಾಲುವೆಗಳನ್ನ ಕೆಡಿಸಿಬಿಡುತ್ತೆ. ಹರಿಯೋದು ನಿಂತು ಅಲ್ಲೇ ತುಂಬ್ಕೊಳ್ಳುತ್ತೆ. ನೀವು ಎಳನೀರು ಕುಡಿದ್ರೂ ಬರ್ತಿತ್ತು, ಕುಡೀದಿದ್ರೂ ಬರ್ತಿತ್ತು. ಸೊಳ್ಳೆ ಪರದೆ ಕಟ್ತೀರಾ ಮನೇಲಿ?"

"ಇದೆ. ಅದ್ರಲ್ಲಿ ಮೀನು ಹಿಡೀತೀವಿ."

"ಹ್ಞಾ. ಹಾಗೇ ಅಂದ್ಕೊಂಡೆ."

ಕಿಬ್ವಾನನಿಗೆ ಆ ಕೊಂಕು ಕೇಳಿಸಲೇ ಇಲ್ಲ. ಯಾರಿಗೂ ವಿಷ ಹಾಕಿಲ್ಲ ತಾನು. ಕಣ್ಣಲ್ಲಿ ನೀರು ಬಂತು. ನೋವಾಗುತ್ತಿದೆಯಾ ಎಂದು ಅವಳು ಕೇಳಿದಳು. ಇಲ್ಲ ತಾಯಿ, ಖುಷಿಗೆ ಎಂದ. ಸೊಂಟದ ಕೆಳಗೆ ಬಟ್ಟೆಯಿಲ್ಲದೆ ಮಲಗಿ ಖುಷಿಗೆ ಅಳುವ ಗಂಡಸನ್ನು ಅವಳು ಮೊದಲ ಸಲ ನೋಡಿರಬೇಕು.

ಸೂಜಿಯಿಂದ ತೆಗೆದರೆ ಚೀಲ ಹಾಗೇ ಉಳಿಯುತ್ತದೆ, ಮತ್ತೆ ತುಂಬುತ್ತದೆ, ಸೂಜಿ ಕೊಳಕಾಗಿದ್ದರೆ ಕೀವೂ ತುಂಬುತ್ತದೆ ಎಂದು ಅವಳು ವಿವರಿಸಿದಳು. "ನಾವು ಚೀಲಾನೇ ಸೀಳ್ತೀವಿ. ನೀರು ಬಿಟ್ಟು, ಹೆಚ್ಚಾಗಿದ್ದನ್ನ ಕತ್ತರಿಸ್ತೀವಿ. ಚೀಲ ತೆಳ್ಳಗಿದ್ರೆ, ಅಂಗೀನ ಒಳಹೊರಗು ಮಾಡ್ತೀವಲ್ಲ, ಹಾಗೆ ತಿರುಗಿಸಿ ಹೊಲಿದ್ಬಿಡ್ತೀವಿ. ಆಮೇಲೆ ನೀರು ನಿಲ್ಲೋಕೆ ಜಾಗ ಇರಲ್ಲ. ಮತ್ತೆ ಬರೋದು ಅಪರೂಪ. ಬರೋದೇ ಇಲ್ಲ ಅಂತ ಸುಳ್ಳು ಹೇಳಲ್ಲ."

"ಬೀಜ?"

"ನಿಮ್ದು ನಿಮಗೇ. ನಾನೇನ್ ಮಾಡ್ಲಿ ಅದನ್ನ ಇಟ್ಕೊಂಡು?"

ಬೆನ್ನಿಗೆ ಒಂದು ಇಂಜೆಕ್ಷನ್ ಕೊಟ್ಟರು. ಸೊಂಟದ ಕೆಳಗಿನದೆಲ್ಲ ಬೇರೆ ಯಾರದೋ ಆಯಿತು. ಎದೆಯ ಮೇಲೊಂದು ಹಸಿರು ಪರದೆ. ಪರದೆಯಾಚೆ ಕತ್ತರಿಯ ಸದ್ದು, ಡಾಕ್ಟರಮ್ಮ ಗುನುಗುವ ಸದ್ದು, ಆಮೇಲೆ ಬೋಗುಣಿಗೆ ಸೊರಸೊರ ಸುರಿಯುವ ಸದ್ದು. ಎಚ್ಚರವಾಗಿಯೇ ಇದ್ದ ಕಿಬ್ವಾನ ತಡೆಯಲಾರದೆ, "ಸ್ವಲ್ಪ ತೋರಿಸ್ತೀರಾ?" ಎಂದ. ನರ್ಸು ಬೋಗುಣಿಯನ್ನು ಎತ್ತಿ ತೋರಿಸಿದಳು. ಜೇನಿನ ಬಣ್ಣದ ನೀರು. ಕಿಬ್ವಾನ ಕಣ್ಣು ಕಿರಿದು ಮಾಡಿ, ವೃತ್ತಿಯವನ ಗಾಂಭೀರ್ಯದಿಂದ ನೋಡಿದ.

"ಡಾಕ್ಟ್ರಮ್ಮ ಹೇಳಿದ್ದು ನಿಜ. ಎಳನೀರು ಹೀಗಿರಲ್ಲ."

"ಪುಣ್ಯಕ್ಕೆ ರುಚಿ ನೋಡ್ತೀನಿ ಅನ್ನಲಿಲ್ಲ," ಎಂದು ಪರದೆಯಾಚೆಯಿಂದ ದನಿ ಬಂತು.

ವಾರ್ಡಿನಲ್ಲಿ ಅವನ ಎಡಗಡೆಯ ಹಾಸಿಗೆಯಲ್ಲಿದ್ದವನು ಕರುಳು ಇಳಿದಿದ್ದ ಒಬ್ಬ ಬೆಸ್ತ. "ಜೀವಮಾನವೆಲ್ಲ ನಾನು ಬಲೆ ಹಾಕ್ದೆ, ಈಗ ನನ್ನೊಳಗೇ ಬಲೆ ಹಾಕ್ಬಿಟ್ರಲ್ಲೋ," ಎಂದು ಬಂದುಹೋದವರಿಗೆಲ್ಲ ಹೇಳುತ್ತಿದ್ದ. ಬಲಗಡೆಯವನು ತಲೆಯ ಮೇಲಿಂದ ಹೊದಿಕೆ ಎಳೆದುಕೊಂಡು ಹೆಣದ ಹಾಗೆ ಬಿದ್ದಿದ್ದ. ಸಂಜೆ ನರ್ಸು ಬಿಸಿಬಿಸಿ ಕಾಫಿ ತಂದಿಟ್ಟಳು. ಹೊದಿಕೆಯಡಿಯಿಂದ ಒಂದು ಕೈ ಹೊರಬಂದು ಲೋಟ ಒಳಗೆಳೆದುಕೊಂಡಿತು. ಒಂದು ಗುಟುಕು ಹೀರಿದ ಸದ್ದು.

"ಥೂ! ಇದು ಕಾಫಿಯೋ, ಕಾಲು ತೊಳೆದ ನೀರೋ?"

ಆ ದನಿಯನ್ನು ಕಿಬ್ವಾನ ನರಕದಲ್ಲಿ ಕೇಳಿದ್ದರೂ ಗುರುತಿಸುತ್ತಿದ್ದ. ಕೈ ಚಾಚಿ ಹೊದಿಕೆ ಎಳೆದ. ಕಾಫಿಯ ಶೊಮಾರಿ!

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಒಬ್ಬರ ಬ್ಯಾಂಡೇಜು ಒಬ್ಬರು ನೋಡಿದರು.

"ಬೆಟ್ಟದ ಕಡೆ ಹೋಗಿದ್ದೀಯ ಅಂದ್ರು," ಎಂದ ಕಿಬ್ವಾನ.

"ನಿನ್ನ ಚಿಕ್ಕಪ್ಪ ಸತ್ತ ಅಂದ್ರು," ಎಂದ ಶೊಮಾರಿ.

"ಎಷ್ಟು ವರ್ಷದಿಂದ ಇತ್ತೋ?"

"ಮರದ ಕೆಳಗೆ ಕೂತಾಗಿನಿಂದ."

"ಅಂದ್ರೆ, ಅಷ್ಟು ವರ್ಷ ನನ್ನ ಎಳನೀರಿಗೆ ಉಗೀತಾ ಇದ್ಯಲ್ಲೋ ಪಾಪಿ, ನೀನ್ ಯಾವತ್ತಾದ್ರೂ ಕುಡ್ದಿದ್ಯಾ?"

"ಒಂದು ಹನಿ ಕುಡ್ದಿಲ್ಲ. ಅಮ್ಮನಾಣೆ. ನನ್ನ ಕಡೆ ಯಾರೂ ನೋಡ್ಬಾರ್ದು ಅಂದ್ರೆ ಎಲ್ರೂ ನಿನ್ನ ಕಡೆ ನೋಡ್ಬೇಕಿತ್ತು ಕಣೋ. ತಪ್ಪಾಯ್ತು. ನಗಿಸ್ಬೇಡ, ಹೊಲಿಗೆ ಎಳೆಯುತ್ತೆ."

ಯಾರೂ ನಗಿಸಿರಲಿಲ್ಲ. ಆದರೂ ಇಬ್ಬರಿಗೂ ನಗು ಬಂತು, ನಕ್ಕು ನರಳಿದರು, ನರಳಿ ಮತ್ತೆ ನಕ್ಕರು. ಬೆಸ್ತನು ಬಲೆ ಹಾಕಿದ ಜಾಗ ಹಿಡಿದುಕೊಂಡು ಬಯ್ದ. ಮಾರನೆಯ ದಿನ ಬಿಡುಗಡೆಯಾಗುವ ಮುಂಚೆ ಇಬ್ಬರೂ ಆಣೆ ಮಾಡಿದರು: ಒಬ್ಬನ ಗುಟ್ಟನ್ನು ಇನ್ನೊಬ್ಬ ಗೋರಿಯವರೆಗೆ ಹೊತ್ತುಕೊಂಡು ಹೋಗುವುದು. ಬೇರೆಬೇರೆ ಬಸ್ಸಿನಲ್ಲಿ ಊರಿಗೆ ಬಂದರು, ಬಾತುಕೋಳಿಗಳ ಹಾಗೆ ಹೆಜ್ಜೆ ಹಾಕುತ್ತ.

ಗಾಯ ಮಾಯುವವರೆಗೆ ಭಾರ ಎತ್ತಬಾರದು, ಸೈಕಲ್ಲು ಮುಟ್ಟಬಾರದು, ಊತ ಪೂರ್ತಿ ಇಳಿಯಲು ದಿನ ಹಿಡಿಯುತ್ತದೆ, ಗಾಬರಿಯಾಗಬೇಡಿ, ಬಿಗಿಯಾದ ಚಡ್ಡಿ ತೊಡಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದಳು. ಸಿವೇಮ ತನ್ನ ಹಳೆಯ ಕಾಂಗಾ ಹರಿದು ಚಡ್ಡಿ ಹೊಲಿದಳು. ಕಾಂಗಾ ಅಂದ ಮೇಲೆ ಅಂಚಿನಲ್ಲಿ ಅಚ್ಚು ಹಾಕಿದ ಒಂದು ನೀತಿಮಾತು ಇರಲೇಬೇಕು. ಆ ಮಾತು ಸರಿಯಾಗಿ ಎಲ್ಲಿ ಬರಬಾರದೋ ಅಲ್ಲೇ ಬಂತು. ಮಾತು ಯಾವುದೆಂದು ನಾನು ಹೇಳುವುದಿಲ್ಲ, ಸಿವೇಮ ನೀರು ಸೇದುವ ಕಡೆ ಎಲ್ಲರಿಗೂ ಹೇಳಿದ್ದಾಳೆ ಎಂದು ಗುಮಾನಿಯಿದೆ. ಮೂರನೆಯವನು ಹಾಸಿಗೆ ಬಿಟ್ಟು ಹೋದ ಮೇಲೆ ಗಂಡಸ್ತನ ಎಲ್ಲಿದ್ದದ್ದು ಅಲ್ಲೇ ಇದೆ ಎಂಬುದೂ ಕಾಲಕ್ರಮದಲ್ಲಿ ಸಾಬೀತಾಯಿತು.

ಪೂರ್ತಿ ವಾಸಿಯಾದ ಮೇಲೆ ಒಂದು ಬೆಳಿಗ್ಗೆ ಕಿಬ್ವಾನ ಕಾಂಜು ಮಡಚಿಟ್ಟು ಲುಂಗಿಯುಟ್ಟು ಕಡವಿಗೆ ಬಂದ. ಊರು ಮತ್ತೊಮ್ಮೆ ಬೆರಗಾಯಿತು. ದೈವಭಕ್ತಿ ಬಂದ ಹಾಗೇ ಹೋಯಿತೇ ಎಂದು ಹಿರಿಯರು ನೊಂದುಕೊಂಡರು. ಸೈಕಲ್ಲಿಗೆ ಎಳನೀರು ಕಟ್ಟಿ, ಗಂಟಲು ಸರಿಮಾಡಿಕೊಂಡು, ಇನ್ನೇನು ಶುರು ಮಾಡಬೇಕು, ಅಷ್ಟರಲ್ಲಿ ಫೆರಿಯ ಹಗ್ಗ ಹಿಡಿಯುವ ಹತೀಬು ಎದುರಿಗೆ ಬಂದು ನಿಂತ. ಹತೀಬು ಮಾತು ಕಡಿಮೆಯ ಗಟ್ಟಿ ಆಳು, ಕಿಬ್ವಾನನ ಭಾಷಣ ಕೇಳಿ ಎಳನೀರು ಕುಡಿಯುವುದನ್ನು ಅಭ್ಯಾಸ ಮಾಡಿಕೊಂಡವನು. ಆವತ್ತು ಕಾಂಜು ತೊಟ್ಟಿದ್ದ. ಒಂದು ಕಡೆಗೆ ವಾಲಿ ನಿಂತಿದ್ದ.

"ಅಣ್ಣಾ, ನಿಂಗೆ ಬಂದಿಲ್ಲ ಅಂತ ನೀನ್ ಹೇಳ್ತಿದ್ದೆ. ನಿಜಾನಾ?"

ಹಿಂದಿನಿಂದ ಯಾರೋ ಕೂಗಿದರು: "ಕುಡಿಸಿ ಕುಡಿಸಿ ಇವನಿಗೆ ತರಿಸ್ಬಿಟ್ಟೆ ಕಿಬ್ವಾನ! ತೋರಿಸು ನಿಂದು!"

ಕಿಬ್ವಾನನ ಕೈ ಹಳೆಯ ಅಭ್ಯಾಸದಂತೆ ಲುಂಗಿಯ ಹಿಂಭಾಗಕ್ಕೆ ಹೋಯಿತು. ಎಳೆದ. ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ. ಎಳೆಯ ಕಾಲದಲ್ಲಿ ಹೇಗಿತ್ತೋ ಹಾಗೆ ನುಣ್ಣಗೆ. ಕಡವು ಹೋ ಎಂದು ಕೂಗಿತು, ಹೆಂಗಸರು ಸೆರಗು ಒತ್ತಿಕೊಂಡರು. ಕಳೆದುಹೋದದ್ದೆಲ್ಲ ಒಂದೇ ಗಳಿಗೆಯಲ್ಲಿ ಮರಳಿ ಸಿಕ್ಕಿತ್ತು, ವ್ಯಾಪಾರ, ಮಾನ, ಬಾಯಿ. ಹತೀಬು ಮಾತ್ರ ನಗಲಿಲ್ಲ. "ಹಾಗಾದ್ರೆ ನಂಗೊಬ್ಬನಿಗೇ ಯಾಕೆ," ಎಂದು ತನಗೆ ತಾನೇ ಹೇಳಿಕೊಂಡು ತಿರುಗಿದ. "ಮಾರುಕಟ್ಟೆ ಹಿಂದೆ ಸೂಜಿ ಹಾಕ್ತಾರಂತೆ. ಅಲ್ಲಿಗೇ ಹೋಗ್ತೀನಿ."

ಆ ಸೂಜಿಯ ಉರಿ ಕಿಬ್ವಾನನ ಮೈಗೆ ಇನ್ನೂ ನೆನಪಿತ್ತು.

"ಹತೀಬು, ನಿಲ್ಲೋ!" ಎಂದ. ಲುಂಗಿ ಬಿಟ್ಟ. "ಬಂದಿತ್ತು. ನಂಗೂ ಬಂದಿತ್ತು. ನಿನ್ನದಕ್ಕಿಂತ ದೊಡ್ಡದು. ದೊಡ್ಡಾಸ್ಪತ್ರೇಲಿ ಕೊಯ್ಸ್ಕೊಂಡೆ. ಚಿಕ್ಕಪ್ಪ ಸತ್ತಿಲ್ಲ, ಅಂಥ ಚಿಕ್ಕಪ್ಪಾನೇ ಇಲ್ಲ. ಸೂಜಿಯೋನ ಹತ್ರ ಹೋಗ್ಬೇಡ, ಅವನು ಬರೀ ನೀರು ತೆಗೀತಾನೆ, ಚೀಲ ಬಿಡ್ತಾನೆ. ಇದು ಸೊಳ್ಳೆಯಿಂದ ಬರೋದು ಕಣೋ, ಎಳನೀರಿಂದಲ್ಲ."

ಆಮೇಲೆ ಒಬ್ಬ ಲಾರಿ ಡ್ರೈವರು ಕೈಯಲ್ಲಿದ್ದ ಎಳನೀರನ್ನು ಮೆಲ್ಲಗೆ ನೆಲಕ್ಕಿಟ್ಟ. "ದಿನಾ ಕುಡಿಯೋನಿಗೇ ಬಂತು ಅಂದ್ಮೇಲೆ ಇನ್ನೇನು ಹೇಳೋದಿದೆ? ಹಿರಿಯರು ಸುಮ್ನೆ ಹೇಳ್ತಾರಾ?" ಇನ್ನೊಬ್ಬನೂ ಇಟ್ಟ. ಕಿಬ್ವಾನನ ನಿಜವೇ ಕಿಬ್ವಾನನ ಕತ್ತು ಹಿಡಿಯಿತು. ಮಾತನ್ನು ಉಳಿಸಬಲ್ಲ ಸಾಕ್ಷಿ ಎದುರಿನ ಮರದ ಕೆಳಗಿತ್ತು, ಆದರೆ ಆಣೆ ಆಣೆಯೇ. ಅವನು ಆ ಕಡೆ ತಿರುಗಿಯೂ ನೋಡಲಿಲ್ಲ. ಕತ್ತಿ ಒರೆಸುತ್ತ ನಿಂತ.

ಆಗ ಟಿಣಿಟಿಣಿ ಸದ್ದು ಕೇಳಿಸಿತು.

ಶೊಮಾರಿ ಎದ್ದಿದ್ದ. ಹಿತ್ತಾಳೆ ಹೂಜಿ ಒಂದು ಕೈಯಲ್ಲಿ, ಬಟ್ಟಲುಗಳು ಇನ್ನೊಂದರಲ್ಲಿ, ಕಾಲು ನೇರವಾಗಿಟ್ಟು ನಡೆದು ಬರುತ್ತಿದ್ದ. ಅವನು ನಡೆಯುವುದನ್ನು ಕಡವಿನ ಜನ ಮರೆತೇಬಿಟ್ಟಿದ್ದರು. ಅವನು ಕಿಬ್ವಾನನ ಸೈಕಲ್ಲಿನ ಪಕ್ಕ ನಿಂತು ಹೂಜಿ ಕೆಳಗಿಟ್ಟ.

"ನಾನು ಎಳನೀರು ಕುಡಿದೋನಲ್ಲ, ನಿಮಗೆಲ್ಲ ಗೊತ್ತು. ನಂಗೂ ಬಂದಿತ್ತು. ಇವನ ಪಕ್ಕದ ಹಾಸಿಗೇಲೇ ಕೊಯ್ಸ್ಕೊಂಡು ಬಿದ್ದಿದ್ದೆ. ಇಷ್ಟು ದಿನ ಬಾಯಿಗೆ ಬಂದದ್ದು ಹೇಳಿದ್ದು ನಂದನ್ನ ಮುಚ್ಚಿಕೊಳ್ಳೋಕೆ." ಆಮೇಲೆ ಕಿಬ್ವಾನನ ಕಡೆ ತಿರುಗಿ, "ಏನ್ ನೋಡ್ತೀಯ? ಕೆತ್ತೋ ಒಂದು. ಎಳೇದು ನೋಡಿ ಕೊಡು," ಎಂದ.

ಕಿಬ್ವಾನ ಕೆತ್ತಿದ. ಶೊಮಾರಿ ಹುಟ್ಟಿದ ಮೇಲೆ ಮೊದಲ ಬಾರಿಗೆ ಎಳನೀರು ಕುಡಿದ, ಗಡ್ಡದ ಮೇಲೆಲ್ಲ ಸುರಿದುಕೊಂಡ. ಕೊನೆಗೆ ಕೋಳಿ ಹಿಡಿದ ಮುದುಕಿಯೊಬ್ಬಳು ಗಟ್ಟಿಯಾಗಿ ಕೇಳಿದಳು: "ಅಯ್ಯೋ ದೇವರೇ, ಹಾಗಾದ್ರೆ ಕಾಫಿಯಿಂದ್ಲೂ ಬರುತ್ತಾ?"

ಕಡವು ಬಿದ್ದು ಬಿದ್ದು ನಕ್ಕಿತು. ಆ ನಗುವಿನಲ್ಲಿ ಲಾರಿ ಡ್ರೈವರು ನೆಲಕ್ಕಿಟ್ಟ ಎಳನೀರನ್ನು ಮತ್ತೆ ಎತ್ತಿಕೊಂಡದ್ದನ್ನು ಯಾರೂ ಗಮನಿಸಲಿಲ್ಲ. ಕಿಬ್ವಾನ ತನಗಾಗಿ ಒಂದನ್ನು ಕೆತ್ತಿ ಬಾಯಿಗಿಟ್ಟ. ಈ ಸಲ ಗಂಟಲು ಕುಣಿಸಿ ಮರಳಿಗೆ ಸುರಿಯಲಿಲ್ಲ, ಗಟಗಟ ಪೂರ್ತಿ ಕುಡಿದ. ಎಷ್ಟು ಸಿಹಿಯಾಗಿತ್ತು! ತಾನು ಮಾರುತ್ತಿದ್ದದ್ದು ಇಷ್ಟು ಒಳ್ಳೆಯದೆಂದು ಅವನಿಗೇ ಮರೆತುಹೋಗಿತ್ತು.

ನಗು ಇಳಿದ ಮೇಲೆ ಹತೀಬು ಹತ್ತಿರ ಬಂದು, ಬೇರೆ ಯಾರಿಗೂ ಕೇಳದ ಹಾಗೆ ಕೇಳಿದ: "ಅಣ್ಣಾ, ದೊಡ್ಡಾಸ್ಪತ್ರೆಗೆ ಯಾವ ಬಸ್ಸು?"

"ಬೆಳಗಿನ ಮೊದಲ್ನೇ ಬಸ್ಸು," ಎಂದರು ಇಬ್ಬರೂ ಒಟ್ಟಿಗೆ.